ಹಿರಿಯರ ಅಳತೆ

ಎಪ್ಪತ್ತರ ದಶಕದಲ್ಲಿ ಸಿಂದಗಿಯ ಶಾಂತವ್ವನ ಮನೆಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಊರವರ ತೋಳು, ಎತ್ತರ ಅಳೆದು, ಲಕ್ಷಾಂತರ ವರ್ಷ ಹಿಂದಿನ ಮನುಷ್ಯರ ತೋಳಿನ ಎಲುಬಿಗೆ ಹೋಲಿಸಿ, ಅವರು ಎಷ್ಟು ದೊಡ್ಡವರಿದ್ದರು ಎಂದು ಊಹಿಸುವುದು ನನ್ನ ಕೆಲಸ. ಎಲುಬು ಪರದೇಶದಲ್ಲಿತ್ತು. ನನ್ನಲ್ಲಿದ್ದದ್ದು ಅದರ ಪ್ಲಾಸ್ಟರ್ ಅಚ್ಚು.

ಕಸ ಹೊಡೆಯಲು ಬಂದ ಶಾಂತವ್ವ ಅದನ್ನು ನೋಡಿದಳು.

“ಯಾರದ್ರಿ ಇದು?”

“ನಮ್ಮೆಲ್ಲರ ಹಿರಿಯರದು.”

ಆ ಮಾತು ಆಡಬಾರದಿತ್ತು. ಮರುದಿನ ಅಮಾವಾಸ್ಯೆ, ಹಿರಿಯರಿಗೆ ಹೊಸ ಬಟ್ಟೆಯಿಟ್ಟು ಎಡೆ ಹಿಡಿಯುವ ಹಬ್ಬ.

“ಗಂಡಸೋ, ಹೆಂಗಸೋ?”

“ಒಂದು ತೋಳಿನಿಂದ ಹೇಳೋಕಾಗಲ್ಲ.”

“ಎತ್ತರನಾದ್ರೂ ಹೇಳ್ರಿ.”

“ಅದನ್ನ ತಿಳಿಯೋಕೇ ನಾನು ಬಂದಿರೋದು.”

“ಹಬ್ಬ ನಾಳಿನ ಐತ್ರಿ. ಹಿರೇರನ್ನ ಬರಿಮೈಲೆ ಕುಂಡ್ರಸಾಕ ಬರೂದಿಲ್ಲ.”

ಮರುದಿನ ಅಚ್ಚಿನ ಮುಂದೆ ಹೋಳಿಗೆಯಿತ್ತು, ಪಕ್ಕದಲ್ಲಿ ಹೊಲಿಯದ ಬಿಳಿ ಬಟ್ಟೆ.

“ನಿಮ್ಮ ಲೆಕ್ಕ ಮುಗದ ಮ್ಯಾಲ ಹೊಲಿಸೂಣ್ರಿ,” ಎಂದಳು.

‘ಸದ್ಯಕ್ಕೆ ಖಚಿತವಾಗಿ ಹೇಳಲಾಗದು’ ಎಂದು ನನ್ನ ವರದಿ ಮುಗಿಯಿತು. ಮೇಲಿನವರು ಒಪ್ಪಿದರು. ಶಾಂತವ್ವ ಒಪ್ಪಲಿಲ್ಲ. ಖೋಲಿ ಬಿಡುವ ದಿನ ಆ ಬಟ್ಟೆಯನ್ನು ನನ್ನ ಟ್ರಂಕಿಗೇ ತುರುಕಿದಳು.

“ಗೊತ್ತಾದ ದಿನ ನೀವ ಹೊಲಿಸ್ರಿ.”

ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಹಿರಿಯರು ಇನ್ನೂ ಬರಿಮೈಯಲ್ಲೇ ಇದ್ದಾರೆ.