ಸುಣ್ಣದಕ್ಕನ ತಮ್ಮ ಹಾಕದ ಸಹಿ

"ನಮ್ಮ ಬಣ್ಣ ಬಳಿಯೋ ಕಸುಬಲ್ಲಿ ವಾರದ ಕೂಲಿ ಕೈಗೆ ಬರೋದಕ್ಕೆ ಮುಂಚೆ ಮೇಸ್ತ್ರಿ ಒಂದು ಖಾಲಿ ಹಾಳೆ ಮುಂದಿಡ್ತಿದ್ದ. ಆಮೇಲೆ ಬರ್ಕೋತೀನಿ, ನೀವು ಸಹಿ ಹಾಕಿ ಅನ್ನೋನು. ಯಾಕೆ ಅಂತ ಕೇಳಿದ್ರೆ ನಾಳೆ ಕೆಲಸ ಇಲ್ಲ. ಹಾಗಾಗಿ ನನ್ನ ತಮ್ಮನಿಗೆ ಹಾಳೆ ಕಂಡ್ರೆ ಕೈ ತಾನಾಗೇ ಓಡೋದು. ನಾವು ಬಣ್ಣ ಬಳೀತಿದ್ದ ಮನೆ ಯಜಮಾನನ್ನ ಯಾರೋ ಕೊಂದ್ರು. ಪೊಲೀಸರು ಇವನನ್ನ ಹಿಡ್ಕೊಂಡು ಹೋದ್ರು. ಖಾಲಿ ಹಾಳೆ ಇಟ್ಟು, ಸಹಿ ಹಾಕು, ಮನೆಗೆ ಹೋಗು ಅಂದ್ರು. ಹಾಕಿದ. ನಾನೇ ಕೊಂದೆ ಅಂತ ಅವರು ಅದರ ಮೇಲೆ ಬರ್ಕೊಂಡ್ರು. ಈಗ ನಮ್ಮ ಗುಂಪಲ್ಲಿ ಯಾರೂ ಖಾಲಿ ಹಾಳೆ ಮುಟ್ಟಲ್ಲ. ಮೇಸ್ತ್ರಿ ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಳಲಿ, ಅದಕ್ಕೂ ಒಂದು ಕೋಟ್ ಬಣ್ಣ ಬಳೀತೀನಿ."

ಹೀಗೆ ಸುಣ್ಣದಕ್ಕ ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ತಮ್ಮನಿಗೆ ಶಿಕ್ಷೆಯಾದಂದಿನಿಂದ ಅವಳು ಹತ್ತದ ಕಚೇರಿಯಿಲ್ಲ. ಏಣಿ ಹತ್ತಿ ಅಭ್ಯಾಸವಿದ್ದವಳಿಗೆ ಮೆಟ್ಟಿಲು ಯಾವ ಲೆಕ್ಕ? ಕೊನೆಗೆ, ತಪ್ಪು ಮಾಡದೆ ಜೈಲು ಸೇರಿದವರನ್ನು ಬಿಡಿಸುವುದನ್ನೇ ಕೆಲಸ ಮಾಡಿಕೊಂಡ ವಕೀಲೆಯೊಬ್ಬಳು ಸಿಕ್ಕಳು. ಮರುವಿಚಾರಣೆಗೆ ಅರ್ಜಿ ಹೋಯಿತು. ಅದು ಇನ್ನೂ ತೆವಳುತ್ತಿರುವಾಗಲೇ ಜೈಲಿನಿಂದ ಬೇರೆ ಮಾತು ಬಂತು: ಪಶ್ಚಾತ್ತಾಪದ ಪತ್ರಕ್ಕೆ ಸಹಿ ಹಾಕಿದರೆ ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ.

"ಹಾಕಿದ್ರೆ ಈ ವಾರವೇ ಬರ್ತಾನೆ ಅಕ್ಕ," ಎಂದಳು ವಕೀಲೆ. "ಆದ್ರೆ ತಪ್ಪು ಒಪ್ಪಿದ ಹಾಗೆ, ಮರುವಿಚಾರಣೆ ಅಲ್ಲಿಗೇ ಮುಗೀತು. ಹಾಕದಿದ್ರೆ ಗೆಲ್ತೀವಿ ಅಂತ ನಾನು ಮಾತು ಕೊಡಲಾರೆ."

ಜೈಲಿನ ಭೇಟಿಯ ಕೋಣೆಯಲ್ಲಿ, ಜಾಲರಿಯ ಆಚೆ ತಮ್ಮ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು.

"ಹಾಕಿಬಿಡ್ಲಾ ಅಕ್ಕಾ? ಸುಸ್ತಾಗಿದೆ."

ಹಾಕು ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. "ಹಾಕಿದ್ರೆ ನಾನು ಬೈಯಲ್ಲ ಕಣೋ. ಮನೆಗೆ ಬಾ, ಅನ್ನ ಕಲಸಿ ಕೈಗಿಡ್ತೀನಿ. ಆದ್ರೆ ಈ ಸಲ ಓದಿಸ್ಕೊಂಡು ಹಾಕು."

ಪತ್ರ ಹಿಡಿದು ನಿಂತಿದ್ದ ಜೈಲಿನ ಅಧಿಕಾರಿ ಗಡಿಬಿಡಿಯಲ್ಲಿ ಓದಿದ: "ನಾನು ಮಾಡಿದ ಕೊಲೆಗಾಗಿ ಮನಸಾರೆ ಪಶ್ಚಾತ್ತಾಪ ಪಡುತ್ತೇನೆ."

"ಇನ್ನೊಂದು ಸಲ ಓದಿ ಸಾರ್."

"ಕಿವಿ ಕೇಳ್ಸಲ್ವೇನೋ?"

"ಕೇಳ್ಸುತ್ತೆ. ನಾನು ಮಾಡಿದ ಕೊಲೆ ಅಂತ ಇದೆಯಲ್ಲ, ಅದನ್ನ ತೆಗೀರಿ. ಹಾಕ್ತೀನಿ."

"ಅದನ್ನ ತೆಗೆದ್ರೆ ಇದರಲ್ಲಿ ಉಳಿಯೋದೇನು?"

"ನಾನೂ ಅದನ್ನೇ ಕೇಳ್ತಿರೋದು," ಎಂದ ತಮ್ಮ, ಪೆನ್ನನ್ನು ಹಿಂದಕ್ಕೆ ತಳ್ಳಿದ.

ಅಧಿಕಾರಿ ಅಕ್ಕನತ್ತ ತಿರುಗಿದ. "ನೋಡಮ್ಮ, ತೆರೆದ ಬಾಗಿಲನ್ನ ನಿನ್ನ ತಮ್ಮನೇ ಮುಚ್ಕೊಂಡ."

"ಅದು ಬಾಗಿಲಲ್ಲ ಸಾರ್, ಕಿಂಡಿ. ತಲೆ ಬಗ್ಗಿಸಿ ತೂರ್ಬೇಕು. ಇವನು ನೆಟ್ಟಗೆ ನಡ್ಕೊಂಡು ಬರ್ತಾನೆ," ಎಂದಳು ಸುಣ್ಣದಕ್ಕ. ತಮ್ಮ ನಕ್ಕ. ಆ ನಗುವನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಗೇಟು ದಾಟಿದ ಮೇಲೆ ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಜೊತೆಗೆ ಬಂದಿದ್ದ ವಕೀಲೆ ಪಕ್ಕದಲ್ಲೇ ಕೂತಳು.

"ತಪ್ಪು ಮಾಡಿದ್ವಾ ಅಕ್ಕ?"

"ಗೊತ್ತಿಲ್ಲ ತಾಯಿ. ನೀನು ಅರ್ಜಿ ಓಡಿಸು. ಕೋರ್ಟು ಬೇಡ ಅಂದ್ರೆ ಇನ್ನೊಂದು ಹಾಕು. ಹಳೇ ಬಣ್ಣ ಒಂದೇ ಸಲ ಉಜ್ಜಿದ್ರೆ ಏಳಲ್ಲ, ನಾನು ಕೆರೆದವಳು, ನನಗೆ ಗೊತ್ತು."

ಅಲ್ಲಿಂದ ನೇರ ಕೆಲಸಕ್ಕೆ ಹೋದಳು. ಅರ್ಧ ಗೋಡೆ ಬಾಕಿಯಿತ್ತು. ಸಂಜೆ ಹಿತ್ತಲ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಂಟಿಕೊಂಡ ಕೂದಲನ್ನು ಬೆರಳಲ್ಲಿ ಬಿಡಿಸುತ್ತಾ ಒಂದೊಂದಾಗಿ ತೊಳೆಯತೊಡಗಿದಳು.