ಐವತ್ತು ವರ್ಷದ ಮಾತು, ನನ್ನ ಒಂದು ಸೋಮವಾರ

ಹಜಾರದಲ್ಲಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ. ಏಟು ಹದವಾಗಿ ಬಿದ್ದರೆ ಒಳಗಿನ ಕೊಬ್ಬರಿ ಉಂಡೆ ಇಡಿಯಾಗಿ ಬರುತ್ತೆ, ಇಲ್ಲದಿದ್ದರೆ ಹೋಳು. ಎಂಬತ್ನಾಲ್ಕನೇ ಇಸವಿ, ನವರಾತ್ರಿ ಶುರುವಾಗಿತ್ತು. ರೇಡಿಯೋದ ಸಂಜೆ ವಾರ್ತೆಯಲ್ಲಿ ಹಾಂಗ್‌ಕಾಂಗ್ ಅನ್ನುವ ಊರಿನ ಸುದ್ದಿ ಬಂತು.

ಅದೇನು ಅಂತ ಯಜಮಾನರನ್ನು ಕೇಳಿದೆ. ಬ್ರಿಟಿಷರ ಕೈಲಿರುವ ಆ ಊರು ಮುಂದೆ ಚೀನಾದವರ ಪಾಲಿಗೆ ಹೋಗುತ್ತಂತೆ. ಅದಕ್ಕೆ ಎರಡೂ ಕಡೆಯ ರಾಯಭಾರಿಗಳು ಎರಡು ವರ್ಷ ಕೂತು ಮಾತಾಡಿ ಒಪ್ಪಂದ ಬರೆದಿದ್ದಾರಂತೆ. ಆಡಳಿತ ಬದಲಾದರೂ ಅಲ್ಲಿನ ಜನ ಇನ್ನೂ ಐವತ್ತು ವರ್ಷದವರೆಗೆ ಮೊದಲಿನ ಹಾಗೇ ಇರಬಹುದಂತೆ. ಬಾಯಿಬಿಟ್ಟು ಮಾತಾಡಬಹುದು, ತಮ್ಮ ದೇವರಿಗೆ ಕೈಮುಗಿಯಬಹುದು, ಬೇಕಾದ ಕಡೆಗೆ ಹೋಗಿ ಬರಬಹುದು. ಆ ಜನರನ್ನೂ ಮಾತಿಗೆ ಜೊತೆಗೆ ಕೂರಿಸಿಕೊಂಡಿದ್ದರಾ ಅಂದೆ. ಇಲ್ಲ ಅಂದರು. ಇಲ್ಲದಿದ್ದರೇನು, ಅವರ ಪರವಾಗಿ ಕೇಳುವವರಾದರೂ ಇದ್ದರಲ್ಲ.

ಏಟು ತಪ್ಪಿ ಒಂದು ಉಂಡೆ ಹೋಳಾಯಿತು. ಕಂಡು ಕೇಳದ ಊರಿನವರ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ನನ್ನನ್ನು ಕೊಡುವಾಗ ನಮ್ಮಪ್ಪ ವೀಳ್ಯದ ತಟ್ಟೆ ಮುಂದಿಟ್ಟು, ಇನ್ನು ಇವಳು ನಿಮ್ಮ ಮಗಳು ಅಂತ ಕಣ್ಣೊರೆಸಿಕೊಂಡು ಎದ್ದುಬಿಟ್ಟರು. ಏನೂ ಕೇಳಲಿಲ್ಲ. ಮೈದುನನ ಹೆಂಡತಿಯ ಕಡೆಯವರು ಹಾಗಲ್ಲ. ಮಾಯಸಂದ್ರದಿಂದ ಬಂದ ಅವಳ ಅಣ್ಣಂದಿರು ಜಗಲಿ ಮೇಲೆ ಕೂತು, ಹಬ್ಬ ಹಬ್ಬಕ್ಕೂ ತಂಗಿಯನ್ನು ತವರಿಗೆ ಕಳಿಸಬೇಕು ಅಂತ ಅತ್ತೆಯವರ ಬಾಯಲ್ಲಿ ಹೂಂ ಅನ್ನಿಸಿಕೊಂಡ ಮೇಲೇ ಊಟಕ್ಕೆ ಎದ್ದದ್ದು. ಅವಳು ಹೂ ಮುಡಿದು ಬಸ್ಸು ಹತ್ತುವಾಗೆಲ್ಲ ನಾನು ಅಂಗಳ ಗುಡಿಸುತ್ತಿದ್ದೆ.

ನನಗೆ ಬೇಕಾಗಿದ್ದುದು ಇಷ್ಟೇ. ಕಾರ್ತೀಕದಲ್ಲಿ ಒಂದು ಸೋಮವಾರ ನನ್ನ ತವರು ಹಾಲ್ಕುರಿಕೆಗೆ ಹೋಗಿ ನಮ್ಮವ್ವನ ಜೊತೆ ಮಠದಲ್ಲಿ ದೀಪ ಹಚ್ಚಬೇಕು. ಅವ್ವನ ಕಣ್ಣು ಮಂಜಾಗುತ್ತಾ ಬಂದಿತ್ತು. ದೀಪ ಕಾಣುವಷ್ಟು ದೃಷ್ಟಿ ಇನ್ನೂ ಇತ್ತು. ಪ್ರತಿ ವರ್ಷವೂ ಅತ್ತೆಯವರು ಮನೆ ಕೆಲಸ ಯಾರು ಮಾಡ್ತಾರೆ ಅನ್ನುತ್ತಿದ್ದರು.

"ಆ ಊರಿನೋರಿಗೆ ಐವತ್ತು ವರ್ಷ ಕೇಳಿ ಕೊಡಿಸವ್ರೆ. ನಂಗೆ ಒಂದು ಸೋಮವಾರ ಕೇಳ್ರೀ ನಿಮ್ಮವ್ವನ್ನ" ಅಂದೆ.

"ಅವ್ರಿಗೇ ಎರಡು ವರ್ಷ ಹಿಡೀತು ಕಣೇ. ನಮ್ಮವ್ವ ಚೀನಾದೋರಿಗಿಂತ ಗಟ್ಟಿ" ಅಂತ ನಕ್ಕು ರೇಡಿಯೋ ಆರಿಸಿದರು.

ಒಳಗೆ ಕೂತಿದ್ದ ಓರಗಿತ್ತಿಗೆ ಇದು ಕೇಳಿಸಿತ್ತು. ಎದ್ದು ಹೋಗಿ ಅತ್ತೆಯವರ ಪಕ್ಕ ಕೂತಳು. ಏನು ಹೇಳಿದಳೋ, ಸ್ವಲ್ಪ ಹೊತ್ತಿಗೆ ಅತ್ತೆಯವರು ಬಾಗಿಲಿಗೆ ಬಂದರು.

"ಕಾರ್ತೀಕದಲ್ಲಿ ಒಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದ್ಬುಡು. ಅಲ್ಲೇ ಉಳ್ಕಳಂಗಿಲ್ಲ. ಅವತ್ತಿನ ಕೆಲ್ಸ ಇವಳು ನೋಡ್ಕತಾಳಂತೆ."

ಶಿವ ಕಣ್ಣು ಬಿಟ್ಟ. ಅಷ್ಟು ಸಿಕ್ಕಿತಲ್ಲ, ಅವ್ವನ ಪಕ್ಕ ನಿಲ್ಲುತ್ತೀನಲ್ಲ ಅಂತ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಉರಿ ಆರಲಿಲ್ಲ. ನಾನು ವರ್ಷಗಟ್ಟಲೆ ಬೇಡಿದರೂ ಆಗದ್ದು ಅವಳ ಒಂದು ಮಾತಿಗೆ ಆಯಿತು. ದೇವರು ಯಾರ ಕೈಲಿ ಕೊಡಿಸಿದರೇನು ಅಂತ ಸಮಾಧಾನ ಹೇಳಿಕೊಂಡರೂ ಮನಸ್ಸು ಕೇಳಲಿಲ್ಲ.

"ಮುದ್ದೆಗೆ ಎಸರಿಡಲಾ ಅಕ್ಕಾ?" ಅಂದಳು ಓರಗಿತ್ತಿ.

"ಬುಡು, ನಾನೇ ಇಡ್ತೀನಿ" ಅಂತ ಎದ್ದೆ, ಒಂದೇ ದಿನ ಅವಳ ಎರಡು ಋಣ ಬೇಡ ಅಂತ. ಒಲೆಗೆ ತೆಂಗಿನ ಮಟ್ಟೆ ತುಂಬಿ, ಊದಿ, ಎಸರಿಟ್ಟೆ.