ಅಬ್ಬಾಸ್ ಸಾಹೇಬರು ಹಾಕಿದ ಗಾಳಿ

ನಮ್ಮ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ, ಎರಡೂ ಪಾದಗಳನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು ಅಬ್ಬಾಸ್ ಸಾಹೇಬರು ಗೋಣಿಬೀಡಿನ ಪೇಟೆಯಲ್ಲಿ ಹಾದುಹೋದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಾರು ಓಡಿಸುತ್ತಿದ್ದವನು ನಾನೇ. ಹೊರಗೆ ಚಾಚಿದ ಪಾದಗಳು ನನಗೆ ಹೇಗೆ ಕಂಡವು? ಯಾರೋ ಹೇಳಿದ್ದನ್ನು ಕಂಡದ್ದೆಂದು ಇಟ್ಟುಕೊಂಡಿರಬೇಕು. ಮಾತು ಮಾತ್ರ ನಾನೇ ಕೇಳಿದ್ದು.

"ಈಗ ನಾನೇ ನಿಮ್ಮಕ್ಕ ಅಂದ್ಕೊಳ್ಳಿ ಮೇಷ್ಟ್ರೆ. ಆ ಗುಂಡಿಗೆ ಒಂದ್ಸಲ ಇಳ್ಸಿ, ನೋಡುವ."

ತೊಂಬತ್ತೇಳನೇ ಇಸವಿಯೋ ತೊಂಬತ್ತೆಂಟೋ. ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದೆ. ಅಕ್ಕನಿಗೆ ಮಂಗಳೂರಿನಲ್ಲಿ ಬೆನ್ನುಹುರಿಯ ಆಪರೇಷನ್ ಆಗಿತ್ತು. ಒಂದು ಜೋಲಿಯೂ ಹೊಡೆಯದಂತೆ ಚಾರ್ಮಾಡಿ ಘಾಟಿ ಹತ್ತಿಸಿ ಅವಳನ್ನು ಮನೆಗೆ ತರಬೇಕಿತ್ತು. ರೋಗಿಗಳನ್ನು, ಬಸುರಿಯರನ್ನು ಘಾಟಿ ದಾಟಿಸುವವರೆಲ್ಲ ಮೊದಲು ಕಾರನ್ನು ಗೋಣಿಬೀಡಿನಲ್ಲಿದ್ದ ಸಾಹೇಬರ ರಿಪೇರಿ ಶೆಡ್ಡಿಗೆ ತರುತ್ತಿದ್ದರು. ಆ ಕೆಲಸಕ್ಕೆ ಅವರ ಹೆಸರು ಹಾಗಿತ್ತು.

ಕಾಫಿ ಮೂಟೆ ಹೊರಲೆಂದು ಕಾರಿನ ಹಿಂದಿನ ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಕೂರಿಸುವುದು ನಮ್ಮ ಕಡೆಯ ವಾಡಿಕೆ. ಮೂಟೆ ಇದ್ದಾಗ ಸರಿ. ಖಾಲಿ ಕಾರಿನಲ್ಲಿ ಪ್ರತಿ ಕಲ್ಲೂ ಸೀದಾ ಸೊಂಟಕ್ಕೆ. ಸಾಹೇಬರು ಒಂದು ಪ್ಲೇಟು ಬಿಚ್ಚಿ, ಮಲಗಿ, ಪೇಟೆ ಸುತ್ತಿ ಬಂದು ಕೇಳಿದರು:

"ನಾನು ತೊಂಬತ್ತು ಕೆಜಿ. ಅಕ್ಕ ಎಷ್ಟು?"

"ನಲವತ್ತೈದು ಇರ್ಬಹುದು."

"ಹಾಗಾದ್ರೆ ಇನ್ನೊಂದು ಬಿಚ್ಚುವ. ಇಲ್ದಿದ್ರೆ ಅವ್ರು ಹತ್ತಿದ್ದು ಸ್ಪ್ರಿಂಗಿಗೆ ಗೊತ್ತೇ ಆಗ್ಲಿಕ್ಕಿಲ್ಲ."

ಕೊನೆಗೆ ಚಕ್ರಗಳ ಗಾಳಿ ಇಳಿಸಿದರು. "ಇಪ್ಪತ್ನಾಲ್ಕು ಪೌಂಡು ಇಟ್ಟಿದೀನಿ. ಮನೆ ಸೇರೋ ತನಕ ಕೈ ಹಾಕ್ಬೇಡಿ ಮಾರಾಯ್ರೆ."

ಮಂಗಳೂರಿನಿಂದ ಹಿಂದಿರುಗುವಾಗ ಚಾರ್ಮಾಡಿಯ ತಿರುವುಗಳಲ್ಲಿ ಅಕ್ಕ ನಿದ್ದೆ ಮಾಡಿದಳು. ನನಗೆ ಮಾತ್ರ ಸಮಾಧಾನವಿಲ್ಲ. ಮಂಗಳೂರಿನಲ್ಲಿ ಕೊಂಡ, ಚಕ್ರದ ಗಾಳಿ ಅಳೆಯುವ ಹೊಸ ಮೀಟರು ಜೇಬಿನಲ್ಲಿತ್ತು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅದನ್ನು ಚಕ್ರಕ್ಕೆ ಹಿಡಿದೆ. ಇಪ್ಪತ್ತೊಂಬತ್ತು! ನಾಲ್ಕೂ ಚಕ್ರಗಳಲ್ಲಿ ಹೆಚ್ಚುಕಡಿಮೆ ಅಷ್ಟೇ. ಸಾಹೇಬರ ಲೆಕ್ಕವೇ ತಪ್ಪು ಎಂದುಕೊಂಡು ಇಪ್ಪತ್ನಾಲ್ಕು ಬರುವವರೆಗೆ ಗಾಳಿ ಬಿಟ್ಟೆ. ಇನ್ನೂ ಮೆತ್ತಗಾಗಲಿ ಎಂದು ಮತ್ತೂ ಸ್ವಲ್ಪ ಬಿಟ್ಟೆ. ಅಲ್ಲಿಂದ ಮುಂದೆ ಕಾರು ಪ್ರತಿ ತಿರುವಿನಲ್ಲೂ ತೊಟ್ಟಿಲಿನಂತೆ ಓಲಾಡತೊಡಗಿತು. ಮೂಡಿಗೆರೆಗೆ ಮೊದಲು ಒಂದು ಗುಂಡಿಯಲ್ಲಿ ಹಿಂದಿನ ಚಕ್ರದ ರಿಮ್ಮು ಕಲ್ಲಿಗೆ ಬಡಿಯಿತು. ಅಕ್ಕ ಕಿರುಚಿದಳು. ಆಮೇಲೆ ಮನೆಯವರೆಗೂ ನರಳಿದಳು.

ಮರುದಿನ ಬೆಳಿಗ್ಗೆಯೇ ಸಾಹೇಬರ ಶೆಡ್ಡಿಗೆ ಹೋಗಿ ಅವರ ಗಾಳಿಯ ಲೆಕ್ಕವೇ ತಪ್ಪೆಂದು ಕೂಗಾಡಿದೆ. ದಾರಿಯಲ್ಲಿ ನಾನು ಗಾಳಿ ಬಿಟ್ಟದ್ದನ್ನು ಹೇಳಲಿಲ್ಲ. ಅಲ್ಲಿ ಇಬ್ಬರು ಡ್ರೈವರುಗಳಿದ್ದರು. ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಇದ್ದರು. ತಮ್ಮ ಧಣಿಗಳ ಬಸುರಿ ಸೊಸೆಯನ್ನು ಕರೆದೊಯ್ಯಬೇಕಾದ ಕಾರು ತಂದಿದ್ದರು. ಸಾಹೇಬರು ಕುಕ್ಕರಗಾಲಲ್ಲಿ ಕೂತು ನಾಲ್ಕೂ ಚಕ್ರಕ್ಕೆ ಮೀಟರು ಹಿಡಿದರು. ಬಾಯೆಂಜಲನ್ನು ಬೆರಳಿಗೆ ತಗೊಂಡು ಒಂದೊಂದೇ ವಾಲ್ವಿಗೆ ಸವರಿದರು. ಎಲ್ಲೂ ಗುಳ್ಳೆ ಏಳಲಿಲ್ಲ; ಗಾಳಿ ತಾನಾಗಿ ಸೋರಿರಲಿಲ್ಲ. ಒಮ್ಮೆ ನನ್ನ ಮುಖ ನೋಡಿದರು.

"ನನ್ನ ಮೀಟರು ಹಳೇದು ಮೇಷ್ಟ್ರೆ. ತಪ್ಪಿರ್ಬಹುದು."

ರೈಟರು, "ಹಾಗಾದ್ರೆ ಇನ್ನೊಂದಿನ ಬರ್ತೀನಿ ಸಾಹೇಬ್ರೆ" ಎಂದು ಕಾರು ತಿರುಗಿಸಿಕೊಂಡು ಹೋದರು. ಮತ್ತೆ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಬೇರೆಯವರೂ ಆ ಕೆಲಸಕ್ಕೆ ಆಲ್ದೂರಿಗೆ ಹೋಗತೊಡಗಿದರು.

ಆ ವಾರವೇ ಇರಬೇಕು, ತರಗತಿಯಲ್ಲಿ ಬೋರ್ಡಿನ ಮೇಲೆ ಸೂತ್ರ ಬರೆಯುತ್ತಿದ್ದವನ ಕೈ ನಿಂತಿತು. ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ. ಪ್ರತಿ ವರ್ಷ ಹೇಳುತ್ತಿದ್ದ ಪಾಠ. ಘಾಟಿ ಹತ್ತಿದ ಚಕ್ರ ಬಿಸಿಯಾಗಿತ್ತು. ತಣಿದಿದ್ದರೆ ಮೀಟರು ಇಪ್ಪತ್ನಾಲ್ಕನ್ನೇ ತೋರಿಸುತ್ತಿತ್ತು. ನಾನು ಬಿಟ್ಟದ್ದು ಇರಲೇಬೇಕಾದ ಗಾಳಿಯನ್ನು. ಅಕ್ಕನನ್ನು ಕೇಳಿದರೆ, "ಚಾರ್ಮಾಡೀಲೂ ನೋವಿತ್ತು ಮಾರಾಯ, ನಾನು ಹೇಳ್ಲಿಲ್ಲ ಅಷ್ಟೆ" ಎನ್ನುತ್ತಾಳೆ. ಆ ಮಾತು ನನಗೆ ಬಹಳ ಅನುಕೂಲವಾದದ್ದು. ಅದಕ್ಕೇ ನಂಬಲಾರೆ.

ಹೇಳಿಬಿಡಬೇಕೆಂದು ಎರಡು ಸಲವೋ ಮೂರು ಸಲವೋ ಗೋಣಿಬೀಡಿಗೆ ಹೋದೆ. ಪ್ರತಿ ಸಲವೂ ಶೆಡ್ಡಿನಲ್ಲಿ ಜನವಿದ್ದರು. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಹಿಂದಿರುಗಿದೆ.

ಹತ್ತು ವರ್ಷ ಕಳೆದಿರಬಹುದು. ಶೆಡ್ಡು ಮುಚ್ಚಿ ಅವರು ಹೊರನಾಡಿನ ದಾರಿಯಲ್ಲಿದ್ದ ಮಗಳ ಮನೆ ಸೇರಿದ್ದಾರೆಂದು ಕೇಳಿ ಅಲ್ಲಿಗೇ ಹೋದೆ. ತೀರಾ ಇಳಿದುಹೋಗಿದ್ದರು. ಒಂದೇ ಉಸಿರಿಗೆ ಹೇಳಿದೆ: "ಸಾಹೇಬ್ರೆ, ಅವತ್ತು ಕೊಟ್ಟಿಗೆಹಾರದಲ್ಲಿ ಗಾಳಿ ಬಿಟ್ಟಿದ್ದು ನಾನೇ. ನಿಮ್ಮ ತಪ್ಪೇನೂ ಇರ್ಲಿಲ್ಲ."

"ಗೊತ್ತಿತ್ತಲ್ಲ" ಎಂದರು. ಖಾಲಿ ಅಂಗಳದ ಕಡೆ ಕೈ ತೋರಿಸಿ ಹೇಳಿದರು:

"ಅವತ್ತು ರೈಟ್ರ ಎದುರು ಹೇಳ್ಬೇಕಿತ್ತು ಮೇಷ್ಟ್ರೆ. ಇಲ್ಲಿ ಕೇಳೋರು ಯಾರಿದಾರೆ?"

ಮುಂದಿನ ಮಳೆಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಇದ್ದಿರಲೂಬಹುದು.